ಡ್ಯಾಶ್‌ಬೋರ್ಡ್ ಮುಚ್ಚುವ ಮುನ್ನ ಅದರ ಹಿಂದಿನದನ್ನು ಮುಗಿಸಿ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ತಂದೆಯವರ 1968ರ ಅಂಬಾಸಿಡರ್ ಮಾರ್ಕ್ 2 ಹಲವು ವರ್ಷ ಕಬ್ಬಿನ ಗದ್ದೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಇಲಿಗಳು ವೈರುಗಳನ್ನು ಕಡಿದುಹಾಕಿದ್ದವು. ಎಂಜಿನ್, ಟಿಂಕರಿಂಗ್, ಪೇಂಟಿಂಗ್ ಎಲ್ಲವೂ ಮೈಸೂರಿನ ಗ್ಯಾರೇಜಿನಲ್ಲಿ ಮುಗಿದು, ಡ್ಯಾಶ್‌ಬೋರ್ಡ್ ಕೂರಿಸುವುದು ಮಾತ್ರ ಬಾಕಿ ಇದೆ. ಅದನ್ನು ಬಿಚ್ಚಿದ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ. ಮೀಟರು, ಸ್ವಿಚ್ಚು, ಸ್ಕ್ರೂಗಳೆಲ್ಲ ಒಂದೇ ಡಬ್ಬದಲ್ಲಿವೆ. ಮುಂದಿನ ಗಾಜನ್ನು ಮೊದಲು ಹಾಕಬೇಕು ಎಂದು ಪೇಂಟರ್ ಹೇಳುತ್ತಾರೆ. ಮೊದಲು ಡ್ಯಾಶ್‌ಬೋರ್ಡ್ ಕೂರಿಸಿ, ವೈರುಗಳನ್ನು ಆಮೇಲೆ ಕೆಳಗಿನಿಂದ ಎಳೆದುಕೊಳ್ಳುತ್ತೇನೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಪರೀಕ್ಷೆಗೆಂದು ಬ್ಯಾಟರಿ ಕೊಟ್ಟು ನೋಡಿದಾಗ ಪೆಟ್ರೋಲ್ ಮುಳ್ಳು ತಟ್ಟನೆ ಫುಲ್‌ಗೆ ಹೋಗಿ ನಿಂತಿತು, ಟ್ಯಾಂಕಿನಲ್ಲಿರುವುದು ಎರಡೇ ಲೀಟರ್. ಇಂಡಿಕೇಟರ್ ಹಾಕಿದರೆ ಮೀಟರಿನ ದೀಪವೂ ಜೊತೆಗೆ ಮಿಣುಕುತ್ತದೆ. ಮೀಟರ್ ಹೋಗಿದೆ, ಬೇರೆ ಹಾಕಿಸಿ ಎಂದು ಗ್ಯಾರೇಜಿನವರು ಹೇಳಿದರು. ಮರದ ಮುಖಫಲಕವೂ ಸೀಳಿದೆ, ರೆಡಿಮೇಡ್ ಸಿಗುತ್ತದಂತೆ. ಮೊಬೈಲ್ ಚಾರ್ಜರ್ ಮತ್ತು ಸ್ಟೀರಿಯೊ ಬೇಕೆಂದು ಮಗ ಕೇಳುತ್ತಿದ್ದಾನೆ. ಆಯುಧಪೂಜೆಯ ಹೊತ್ತಿಗೆ ಗಾಡಿ ಮನೆಯ ಮುಂದೆ ನಿಲ್ಲಬೇಕು. ಯಾರ ಮಾತು ಕೇಳಲಿ ಸರ್?

ಉತ್ತರ: ನೀವು ಬರೆದಿರುವುದರಲ್ಲಿ ಪ್ರಶ್ನೆಗಳು ಹಲವಿದ್ದರೂ ಅಳುಕು ಒಂದೇ. ಮುಚ್ಚಿದ ಮೇಲೆ ಮತ್ತೆ ಬಿಚ್ಚಬೇಕಾಗಿ ಬಂದರೆ ಹೊಸ ಪೇಂಟು, ಹೊಸ ರಬ್ಬರು, ಕೊಟ್ಟ ಹಣ ಎಲ್ಲವೂ ಹಾಳಾಗುತ್ತದಲ್ಲ ಎಂಬ ಅಳುಕು ಅದು, ಮತ್ತು ಅದು ಸರಿಯಾಗಿಯೇ ಇದೆ. ಹಳೆಯ ಕಾರುಗಳ ವೈರಿಂಗ್ ಕೆಲಸದಲ್ಲಿಯೇ ಬದುಕು ಕಳೆದ ನನಗೆ ಡ್ಯಾಶ್‌ಬೋರ್ಡ್ ಎರಡು ಸಲ ಬಿಚ್ಚಿಸಿಕೊಂಡ ಗಾಡಿಗಳನ್ನು ಕಂಡರೆ ಸಂಕಟವಾಗುತ್ತದೆ. ಎರಡನೆಯ ಸಲ ಸ್ಕ್ರೂ ತೂತುಗಳು ಸಡಿಲವಾಗುತ್ತವೆ, ಪೇಂಟಿನ ಅಂಚು ಕೀಳುತ್ತದೆ, ಯಾವುದೋ ಒಂದು ಟರ್ಮಿನಲ್ ಮುರಿಯುತ್ತದೆ. ಹಾಗಾಗಿ ನನ್ನ ನಿಯಮ ಒಂದೇ: ಡ್ಯಾಶ್‌ಬೋರ್ಡ್ ಹೊರಗಿರುವಾಗಲೇ ಅದರ ಹಿಂದಿನ ಪ್ರತಿಯೊಂದು ವೈರು, ಬಲ್ಬು, ಮೀಟರು ಕೆಲಸ ಮಾಡಿ ತೋರಿಸಬೇಕು. ಆಮೇಲಷ್ಟೇ ಸ್ಕ್ರೂ.

ಮೀಟರಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀವು ಚೆನ್ನಾಗಿರುವ ಮೀಟರನ್ನೇ ಎಸೆಯುವ ಅಂಚಿನಲ್ಲಿದ್ದೀರಿ ಎಂದು ನನಗೆ ಅನ್ನಿಸುತ್ತಿದೆ.

ಇಂಡಿಕೇಟರ್ ಹಾಕಿದಾಗ ಮೀಟರಿನ ದೀಪ ಮಿಣುಕುವುದಕ್ಕೂ ಮೀಟರ್ ಕೆಡುವುದಕ್ಕೂ ಸಂಬಂಧವಿಲ್ಲ. ಅದು ಅರ್ತಿಂಗ್ ಇಲ್ಲದಿರುವುದರ ಗುರುತು. ಈ ಕಾರುಗಳಲ್ಲಿ ಕರೆಂಟು ವೈರಿನಲ್ಲಿ ಹೋಗಿ, ಬಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಬಲ್ಬಿನ ಹೋಲ್ಡರು ಮೀಟರಿನ ಹೊದಿಕೆಗೆ ತಾಗಿರಬೇಕು, ಹೊದಿಕೆ ಡ್ಯಾಶ್‌ಬೋರ್ಡಿನ ತಗಡಿಗೆ, ತಗಡು ಬಾಡಿಗೆ. ಈ ಸರಪಳಿಯಲ್ಲಿ ಎಲ್ಲಿ ಪೇಂಟು ಅಡ್ಡ ಬಂದರೂ ಮರಳುವ ದಾರಿ ಮುಚ್ಚುತ್ತದೆ. ಆಗ ಕರೆಂಟು ಇನ್ನೊಂದು ಬಲ್ಬಿನ ಮೂಲಕ ನುಸುಳಿ ಹೊರಬರುತ್ತದೆ. ನಿಮ್ಮ ಇಂಡಿಕೇಟರಿನ ಮಿಣುಕು ಮೀಟರಿನ ದೀಪದಲ್ಲಿ ಕಾಣಿಸುತ್ತಿರುವುದು ಹೀಗೆ. ಪೇಂಟರ್ ಕೆಲಸ ಕೆಟ್ಟದಾಗಿ ಮಾಡಿದ್ದರಿಂದ ಆದದ್ದಲ್ಲ ಇದು. ಅವರು ಒಳಗೂ ಹೊರಗೂ ಎಲ್ಲೂ ಬಿಡದೆ ಚೆನ್ನಾಗಿ ಬಳಿದಿದ್ದಾರೆ, ತೊಂದರೆಯ ಮೂಲವೇ ಅದು. ಗಾಡಿಗೆ ಪೂರ್ತಿ ಪೇಂಟ್ ಆದ ಮೇಲೆ ಹುಟ್ಟುವ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲು ಇಲ್ಲಿಯವೇ.

ಇನ್ನು ಪೆಟ್ರೋಲ್ ಮುಳ್ಳು. ಹಳೆಯ ಕಾರುಗಳಲ್ಲಿ ಎರಡು ಬಗೆಯ ಪೆಟ್ರೋಲ್ ಮೀಟರುಗಳು ಬರುತ್ತವೆ, ಅವುಗಳ ನಡವಳಿಕೆ ಒಂದಕ್ಕೊಂದು ತದ್ವಿರುದ್ಧ. ಮೊದಲನೆಯದರಲ್ಲಿ ಕೀಲಿ ತಿರುಗಿಸಿದ ಕೂಡಲೇ ಮುಳ್ಳು ಜಿಗಿಯುತ್ತದೆ. ಇದರಲ್ಲಿ ಟ್ಯಾಂಕಿಗೆ ಹೋಗುವ ವೈರು ತುಂಡಾಗಿದ್ದರೆ ಮುಳ್ಳು ಫುಲ್ ತೋರಿಸುತ್ತದೆ, ಆ ವೈರು ಬಾಡಿಗೆ ತಾಗಿದರೆ ಖಾಲಿ ತೋರಿಸುತ್ತದೆ. ಎರಡನೆಯದು ಒಳಗೆ ಬಿಸಿಯಾಗಿ ಬಾಗುವ ಪಟ್ಟಿಯಿಂದ ನಡೆಯುವಂಥದ್ದು. ಅದರ ಮುಳ್ಳು ನಿಧಾನವಾಗಿ ಏರುತ್ತದೆ. ವೈರು ತುಂಡಾದರೆ ಖಾಲಿ, ಬಾಡಿಗೆ ತಾಗಿದರೆ ಫುಲ್. ನಿಮ್ಮ ಮುಳ್ಳು ತಟ್ಟನೆ ಹೋಯಿತು ಎಂದು ಬರೆದಿದ್ದೀರಿ, ಹಾಗಾಗಿ ನಿಮ್ಮದು ಮೊದಲನೆಯ ಬಗೆ. ಒಂದೋ ಟ್ಯಾಂಕಿನತ್ತ ಹೋಗುವ ವೈರನ್ನು ಇಲಿ ಕಡಿದಿದೆ, ಇಲ್ಲವೇ ಟ್ಯಾಂಕಿಗೂ ಪೇಂಟ್ ಬಳಿದು, ಹೊಸ ಪ್ಯಾಕಿಂಗ್ ಇಟ್ಟು ಕೂರಿಸಿದ್ದರಿಂದ ಅದರ ಫ್ಲೋಟ್ ಯೂನಿಟ್ಟಿಗೆ (ಪೆಟ್ರೋಲಿನ ಮೇಲೆ ತೇಲುತ್ತಾ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ) ಅರ್ತಿಂಗ್ ಸಿಗುತ್ತಿಲ್ಲ. ಮೀಟರಿನಲ್ಲಿ ಟ್ಯಾಂಕಿನ ವೈರು ಬರುವ ಟರ್ಮಿನಲ್ಲನ್ನು ಒಂದು ತುಂಡು ವೈರಿನಿಂದ ಬಾಡಿಯ ಬರಿ ತಗಡಿಗೆ ಮುಟ್ಟಿಸಿ ನೋಡಿ. ಕರೆಂಟು ಬರುವ ಇನ್ನೊಂದು ಟರ್ಮಿನಲ್ಲನ್ನು ಮಾತ್ರ ಮುಟ್ಟಿಸಬೇಡಿ. ಮುಳ್ಳು ಖಾಲಿಗೆ ಇಳಿದರೆ ಮೀಟರ್ ಜೀವಂತವಾಗಿದೆ ಎಂದರ್ಥ. ಮೂಲ ಮೀಟರುಗಳು ಈಗ ಸುಲಭಕ್ಕೆ ಸಿಗುವುದಿಲ್ಲ, ಅಂಗಡಿಯ ಬದಲಿ ಮೀಟರಿಗೂ ನಿಮ್ಮ ಹಳೆಯ ಫ್ಲೋಟಿಗೂ ಲೆಕ್ಕ ಹೊಂದದೆ ಹೋಗಬಹುದು. ದಯವಿಟ್ಟು ಅದನ್ನು ಬಿಟ್ಟುಕೊಡಬೇಡಿ.

ಅರ್ತಿಂಗ್ ಸರಿಪಡಿಸುವುದು ಕಷ್ಟವಲ್ಲ, ಆದರೆ ಮನಸ್ಸಿಟ್ಟು ಮಾಡಬೇಕು. ಡ್ಯಾಶ್‌ಬೋರ್ಡಿನ ಹಿಂದೆ, ಹೊರಗೆ ಕಾಣದ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಪೇಂಟನ್ನು ಮರಳುಕಾಗದದಿಂದ ಉಜ್ಜಿ, ಹೊಳೆಯುವ ತಗಡು ಕಾಣುವಂತೆ ಮಾಡಿ. ಅಲ್ಲಿ ಹಲ್ಲಿನ ವಾಷರ್ ಹಾಕಿ ಬೋಲ್ಟ್ ಬಿಗಿದು, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ, ತುಕ್ಕು ಹಿಡಿಯುವುದಿಲ್ಲ. ಆ ಬೋಲ್ಟಿನಿಂದ ಪ್ರತಿ ಮೀಟರಿನ ಹೊದಿಕೆಗೂ ಒಂದೊಂದು ಕಪ್ಪು ವೈರು ಎಳೆಯಿರಿ. ಕಂಪನಿಯಲ್ಲಿ ಅಷ್ಟು ವೈರು ಇರಲಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹೊರಗಿನಿಂದ ಕಾಣದ, ಯಾವಾಗ ಬೇಕಾದರೂ ತೆಗೆಯಬಹುದಾದ ನಾಲ್ಕು ವೈರುಗಳಿಂದ ಕಾರಿನ ಮೂಲತನಕ್ಕೆ ಕುಂದು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ಅರ್ತ್ ಪಟ್ಟಿಯನ್ನೂ ನೋಡಿ. ಎಂಜಿನ್ ಕೆಲಸ ಮುಗಿಸಿದವರು ಅದನ್ನು ಹಾಕಲು ಮರೆಯುವುದುಂಟು.

ಈಗ ವೈರಿಂಗ್ ಕಿಟ್, ಅಂದರೆ ಇಡೀ ಗಾಡಿಯ ವೈರುಗಳ ಕಟ್ಟು. ಡ್ಯಾಶ್‌ಬೋರ್ಡ್ ಕೂರಿಸಿ ಆಮೇಲೆ ಕೆಳಗಿನಿಂದ ಎಳೆದುಕೊಳ್ಳುವ ಉಪಾಯಕ್ಕೆ ಒಪ್ಪಬೇಡಿ. ಪೆಡಲ್‌ಗಳ ನಡುವೆ ತಲೆಯಿಟ್ಟು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಯಾರೂ ಒಳ್ಳೆಯ ಜಾಯಿಂಟ್ ಹಾಕಲಾರರು. ಅಲ್ಲಿ ನಡೆಯುವುದು ವೈರು ತಿರುಚಿ ಟೇಪು ಸುತ್ತುವ ಕೆಲಸ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನೊಳಗೆ ಟೇಪಿನ ಅಂಟು ಕರಗಿ, ಸುತ್ತು ಬಿಚ್ಚಿಕೊಂಡು, ಬರಿ ತಾಮ್ರ ತಗಡಿನ ಪಕ್ಕದಲ್ಲಿ ತೂಗಾಡುತ್ತದೆ.

ಇಲಿ ಕಡಿದಿರುವುದು ಒಂದೆರಡು ಕಡೆ ಮಾತ್ರವಾಗಿದ್ದು, ಉಳಿದ ವೈರಿನ ಹೊದಿಕೆ ಬೆರಳಲ್ಲಿ ಬಗ್ಗಿಸಿದರೆ ಬಿರುಕು ಬಿಡದಿದ್ದರೆ, ಹಳೆಯ ಕಿಟ್ಟನ್ನೇ ಉಳಿಸಿಕೊಳ್ಳಬಹುದು. ಕಡಿದಲ್ಲಿ ಅದೇ ದಪ್ಪದ ವೈರು ಬೆಸೆದು, ಬಿಸಿ ಮಾಡಿದರೆ ಕುಗ್ಗುವ ತೋಳು ಹಾಕಬೇಕು. ಹಲವು ಕಡೆ ಕಡಿದಿದ್ದರೆ ಹೊಸದೇ ಲೇಸು. ಆದರೆ ಹೊಸ ಕಿಟ್ ಎಂದ ಮಾತ್ರಕ್ಕೆ ನಿಶ್ಚಿಂತೆ ಎನ್ನಲಾಗದು. ಅಂಬಾಸಿಡರ್ 2014ರವರೆಗೆ ತಯಾರಾದ ಗಾಡಿ. ಅಂಗಡಿಯಲ್ಲಿ ಅಂಬಾಸಿಡರ್ ಕಿಟ್ ಎಂದು ಕೇಳಿದರೆ ನಿಮ್ಮದಕ್ಕಿಂತ ಎಷ್ಟೋ ಈಚಿನ ಮಾದರಿಯದ್ದು ಕೈಗೆ ಬರಬಹುದು. ಆದ್ದರಿಂದ ಹಳೆಯ ಕಿಟ್ಟನ್ನು ಎಸೆಯದೆ ನೆಲದ ಮೇಲೆ ಉದ್ದಕ್ಕೆ ಹಾಸಿ, ಹೊಸದನ್ನು ಅದರ ಪಕ್ಕದಲ್ಲಿ ಮಲಗಿಸಿ, ಪ್ರತಿ ಕವಲಿನ ಉದ್ದ, ದಪ್ಪ, ಬಣ್ಣ ಹೋಲಿಸಿ. ಬ್ರಿಟಿಷ್ ಮೂಲದ ಈ ಕಾರುಗಳು ವಿದ್ಯುತ್ ಭಾಗಗಳ ಬ್ರಿಟಿಷ್ ಕಂಪನಿ ಲೂಕಾಸ್‌ನ ವೈರು ಬಣ್ಣದ ಪದ್ಧತಿಯನ್ನು ಅನುಸರಿಸುತ್ತವೆ. ಕಂದು ಎಂದರೆ ಬ್ಯಾಟರಿಯಿಂದ ಸದಾ ಕರೆಂಟು ಇರುವುದು, ಬಿಳಿ ಎಂದರೆ ಕೀಲಿ ತಿರುಗಿಸಿದಾಗ ಬರುವುದು, ಹಸಿರು ಎಂದರೆ ಅದೇ ಕರೆಂಟು ಫ್ಯೂಸ್ ದಾಟಿ ಬಂದದ್ದು. ಹೆಡ್‌ಲೈಟಿಗೆ ನೀಲಿ, ಪಾರ್ಕಿಂಗ್ ಮತ್ತು ಹಿಂದಿನ ದೀಪಕ್ಕೆ ಕೆಂಪು, ಅರ್ತಿಂಗ್‌ಗೆ ಕಪ್ಪು. ಇಷ್ಟು ತಿಳಿದಿದ್ದರೆ ಡಬ್ಬದಲ್ಲಿರುವ ಸ್ವಿಚ್ಚುಗಳ ಜಾಗವನ್ನು ನೀವೇ ಮುಕ್ಕಾಲು ಪಾಲು ಪತ್ತೆ ಹಚ್ಚಬಹುದು.

ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಲ್ಲಿ ಕಿಟ್ ಹಾದುಬರುವ ತೂತಿಗೆ ರಬ್ಬರ್ ಗ್ರೊಮೆಟ್, ಅಂದರೆ ಅಂಚು ಮುಚ್ಚುವ ರಬ್ಬರಿನ ಬಳೆ, ಇದೆಯೇ ನೋಡಿ. ಟಿಂಕರಿಂಗ್ ಆದ ಗಾಡಿಯಲ್ಲಿ ಆ ತೂತಿನ ಅಂಚು ಬ್ಲೇಡಿನಂತಿರುತ್ತದೆ. ಗ್ರೊಮೆಟ್ ಇಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ವೈರು ತಿಂಗಳುಗಳಲ್ಲಿ ಸವೆಯುತ್ತದೆ. ಇಂಥ ಕಾರುಗಳಲ್ಲಿ ಇಡೀ ಗಾಡಿಗೆ ಸಾಮಾನ್ಯವಾಗಿ ಎರಡೇ ಫ್ಯೂಸ್ ಇರುತ್ತವೆ. ಹೆಡ್‌ಲೈಟಿನ ವೈರಿಗೂ, ಬ್ಯಾಟರಿಗೆ ಬಂದುಹೋಗುವ ಕರೆಂಟನ್ನು ತೋರಿಸುವ ಆಂಪಿಯರ್ ಮೀಟರಿನ ದಪ್ಪ ವೈರಿಗೂ ಫ್ಯೂಸಿನ ಕಾವಲೇ ಇಲ್ಲ. ಅಲ್ಲಿ ಶಾರ್ಟ್ ಆದರೆ ಸುಡುವುದು ವೈರೇ, ಜೊತೆಗೆ ನಿಮ್ಮ ಹೊಸ ಡ್ಯಾಶ್‌ಬೋರ್ಡ್. ನೀವು ಒಪ್ಪುವುದಾದರೆ ಹೆಡ್‌ಲೈಟಿಗೆ ಪ್ರತ್ಯೇಕ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹಾಕಿಸಿ. 55 ವ್ಯಾಟಿನ ಎರಡು ಬಲ್ಬು ಎಂದರೆ ಒಂಬತ್ತು ಆಂಪಿಯರ್ ಮೇಲೆಯೇ, ಅಷ್ಟನ್ನೂ ಐವತ್ತು ವರ್ಷ ದಾಟಿದ ಸ್ವಿಚ್ಚಿನ ಮೂಲಕ ಹಾಯಿಸುವುದು ಬೇಡ. ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿ ಸುತ್ತುತ್ತೇನೆ ಎನ್ನುವವರನ್ನು ಗಾಡಿಯ ಹತ್ತಿರಕ್ಕೂ ಬಿಡಬೇಡಿ.

ಗಾಜು ಮೊದಲೋ ಡ್ಯಾಶ್‌ಬೋರ್ಡ್ ಮೊದಲೋ ಎಂಬ ವಾದಕ್ಕೆ ಉತ್ತರ ಸ್ಕ್ರೂಗಳಲ್ಲಿದೆ. ಡ್ಯಾಶ್‌ಬೋರ್ಡನ್ನು ವೈರಿಲ್ಲದೆ ಒಮ್ಮೆ ಸುಮ್ಮನೆ ಜಾಗಕ್ಕೆ ಹಿಡಿದು ನೋಡಿ. ಮೇಲಂಚಿನ ಸ್ಕ್ರೂಗಳಿಗೆ ಸ್ಕ್ರೂಡ್ರೈವರ್ ಗಾಜಿರುವ ಕಡೆಯಿಂದಲೇ ಬರಬೇಕಾಗಿದ್ದರೆ ಅಥವಾ ಮೇಲಿನ ರೆಕ್ಸಿನ್ ಗಾಜಿನ ರಬ್ಬರಿನ ಅಡಿಗೆ ಹೋಗಬೇಕಾಗಿದ್ದರೆ ಡ್ಯಾಶ್‌ಬೋರ್ಡೇ ಮೊದಲು. ಹಾಗಿಲ್ಲದಿದ್ದರೆ ಪೇಂಟರ್ ಹೇಳಿದ್ದೇ ಸರಿ, ಗಾಜು ಮೊದಲು. ಗಾಜು ಕೂರಿಸುವಾಗ ರಬ್ಬರಿಗೆ ಸೋಪಿನ ನೀರು ಸವರಿ, ಅದರ ತುಟಿಯೊಳಗೆ ಹಗ್ಗ ಇಟ್ಟು ಒಳಗಿನಿಂದ ಎಳೆಯುತ್ತಾರೆ. ಆ ನೀರು ಇಳಿಯುವುದು ನೇರವಾಗಿ ಡ್ಯಾಶ್‌ಬೋರ್ಡಿನ ಮೇಲೆ, ಎಳೆಯುವ ಹಗ್ಗ ಉಜ್ಜುವುದೂ ಅದನ್ನೇ. ಗಾಜು ಹಾಕಿದ ಮೇಲೆ ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ, ಒಳಗೊಬ್ಬರು ಕೂತು ಕೆಳಗಿನ ಎರಡು ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಲಿ. ಜಿನುಗುವ ನೀರು ಬೀಳುವುದು ವೈರುಗಳ ಮೇಲೆ. ಅದನ್ನು ಈಗಲೇ ಕಂಡುಕೊಂಡರೆ ಸುಲಭ, ಜೂನ್ ಮಳೆಯಲ್ಲಿ ಕಂಡುಕೊಂಡರೆ ದುಬಾರಿ. ವೈಪರ್ ಮೋಟರು, ಅದರ ಜೋಡಣೆ, ಗಾಳಿಯ ಕೊಳವೆಗಳು ಇವೆಲ್ಲ ಡ್ಯಾಶ್‌ಬೋರ್ಡಿಗಿಂತ ಮುಂಚೆಯೇ ಕೂತಿರಲಿ. ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಮುಖ್ಯವಾದ ಪರೀಕ್ಷೆಯನ್ನು ಹೀಗೆ ಮಾಡಿ. ಮುಂದಿನ ಸೀಟು ತೆಗೆದಿದ್ದರೆ ಅಲ್ಲೊಂದು ಹಲಗೆ ಇಟ್ಟು, ಮೇಲೆ ಕಂಬಳಿ ಹಾಸಿ, ಡ್ಯಾಶ್‌ಬೋರ್ಡನ್ನು ಮೀಟರು ಸ್ವಿಚ್ಚು ಸಮೇತ ಬೋರಲಾಗಿ ಮಲಗಿಸಿ ಎಲ್ಲ ವೈರು ಜೋಡಿಸಿ. ಬಾಡಿಗೂ ಮೀಟರುಗಳಿಗೂ ಒಂದು ತಾತ್ಕಾಲಿಕ ಅರ್ತ್ ವೈರು ಕೊಡಿ. ಬ್ಯಾಟರಿಯನ್ನು ನೇರವಾಗಿ ಕೊಡದೆ, ಬ್ಯಾಟರಿಗೂ ಅದರ ಅರ್ತ್ ಕೇಬಲ್ಲಿಗೂ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ಹೋಲ್ಡರ್ ಸಮೇತ ಸೇರಿಸಿ. ಎಲ್ಲ ಸ್ವಿಚ್ಚು ಆಫ್ ಇದ್ದಾಗ ಆ ಬಲ್ಬು ಕಪ್ಪಗಿರಬೇಕು. ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ, ಆದರೆ ಕರೆಂಟಿಗೆ ಬಲ್ಬೇ ತಡೆಯಾಗಿರುವುದರಿಂದ ಏನೂ ಸುಡುವುದಿಲ್ಲ. ವೈರುಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ, ಯಾವುದು ಕಳಚಿದಾಗ ಬಲ್ಬು ಆರುತ್ತದೋ ತಪ್ಪು ಅಲ್ಲಿದೆ. ನಂತರ ಪಾರ್ಕಿಂಗ್ ದೀಪ ಹಾಕಿದರೆ ಪರೀಕ್ಷೆಯ ಬಲ್ಬೂ ಸ್ವಲ್ಪ ಬೆಳಗುತ್ತದೆ, ಅದು ಸಹಜ. ಎಲ್ಲವೂ ಸರಿಯಿದೆ ಎಂದು ಖಾತರಿಯಾದ ಮೇಲಷ್ಟೇ ಬಲ್ಬು ತೆಗೆದು ಬ್ಯಾಟರಿ ಕೊಟ್ಟು ಹಾರ್ನ್, ವೈಪರ್, ಬ್ರೇಕ್ ದೀಪ, ಇಂಡಿಕೇಟರ್ ಎಲ್ಲವನ್ನೂ ನೋಡಿ, ಎಂಜಿನ್ನನ್ನೂ ಒಮ್ಮೆ ಸ್ಟಾರ್ಟ್ ಮಾಡಿ. ಮೀಟರಿನ ಬಲ್ಬುಗಳು ಇನ್ನೂ ಉರಿಯುತ್ತಿದ್ದರೂ ಹೊಸದನ್ನೇ ಹಾಕಿಬಿಡಿ, ಅವುಗಳ ಬೆಲೆ ಏನೂ ಅಲ್ಲ.

ಸೀಳಿದ ಮರದ ಫಲಕದ ಬಗ್ಗೆ ನನ್ನ ಒಲವು ದುರಸ್ತಿಯ ಕಡೆಗೆ. ರೆಡಿಮೇಡ್ ಫಲಕ ಬೇಗ ಸಿಗುತ್ತದೆ, ಖರ್ಚೂ ಲೆಕ್ಕಕ್ಕೆ ಸಿಗುತ್ತದೆ. ಆದರೆ ಅದರ ತೂತುಗಳು ನಿಮ್ಮ ಮೀಟರಿಗೆ ಹೊಂದದೆ ಕತ್ತರಿಸುವ ಕೆಲಸ ಬರಬಹುದು, ದಪ್ಪ ಹೆಚ್ಚಿದ್ದರೆ ಮೀಟರನ್ನು ಹಿಂದಿನಿಂದ ಹಿಡಿಯುವ ಕ್ಲಾಂಪು ಎಟುಕುವುದಿಲ್ಲ. ಸಾಮಾನ್ಯ ಬಡಗಿಯಿಂದ ಹೊಸದು ಮಾಡಿಸಿದರೂ ದಪ್ಪದ ತೊಂದರೆ ಇದ್ದೇ ಇದೆ. ನೀವು ಮೈಸೂರಿನ ಹತ್ತಿರದವರು. ಭೌಗೋಳಿಕ ಸೂಚಿಕೆ ಪಡೆದ ಬೀಟೆ ಮರದ ಕುಸುರಿ ಕೆಲಸ ಮಾಡುವವರು ಇರುವ ಊರು ಇದು. ಕಾಗದದಷ್ಟು ತೆಳುವಾದ ಮರವನ್ನು ಎಳೆಗೆ ಎಳೆ ಹೊಂದಿಸಿ ಕೂರಿಸುವ ಕೈ ಅವರದು. ಪೀಠೋಪಕರಣದವರಿಗಿಂತ ಮೊದಲು ಅಂಥವರಿಗೆ ನಿಮ್ಮ ಫಲಕವನ್ನು ತೋರಿಸಿ. ಯಾರಿಂದ ಮಾಡಿಸಿದರೂ ಒಂದು ಮಾತು ಗಟ್ಟಿಯಾಗಿ ಹೇಳಿ: ತೂತುಗಳನ್ನೆಲ್ಲ ಕೊರೆದು, ಮೀಟರುಗಳನ್ನು ಒಮ್ಮೆ ಕೂರಿಸಿ ನೋಡಿದ ಮೇಲೆಯೇ ಪಾಲಿಶ್. ಪಾಲಿಶ್ ಮುಖಕ್ಕೆ ಮಾತ್ರವಲ್ಲದೆ ಹಿಂಬದಿಗೂ ತೂತುಗಳ ಒಳ ಅಂಚಿಗೂ ಬೇಕು. ಅಲ್ಲಿ ಮರ ಬರಿದಾಗಿದ್ದರೆ ಮಳೆಗಾಲದಲ್ಲಿ ತೇವ ಹೀರಿ, ಬೇಸಿಗೆಯಲ್ಲಿ ಒಣಗಿ, ಮತ್ತೆ ಸೀಳುತ್ತದೆ. ಮರಕ್ಕೆ ಅರ್ತಿಂಗ್ ಇಲ್ಲ ಎಂಬುದೂ ನೆನಪಿರಲಿ, ಮೇಲೆ ಹೇಳಿದ ಕಪ್ಪು ವೈರುಗಳು ಆಗ ಕಡ್ಡಾಯ.

ಚಾರ್ಜರ್ ಮತ್ತು ಸ್ಟೀರಿಯೊ ತರುವ ಮೊದಲು ಬ್ಯಾಟರಿಯ ಯಾವ ಧ್ರುವ ಬಾಡಿಗೆ ಸೇರಿದೆ ಎಂದು ನೋಡಿ. ಅಂಬಾಸಿಡರಿಗೆ ಮೂಲವಾದ ಬ್ರಿಟಿಷ್ ಕಾರು ಮಾರಿಸ್ ಆಕ್ಸ್‌ಫರ್ಡಿನ ಪದ್ಧತಿ ಪ್ಲಸ್ ಅರ್ತ್, ಅಂದರೆ ಪ್ಲಸ್ ಬಾಡಿಗೆ, ಮೈನಸ್ ವೈರಿಗೆ. ಈಗಿನ ಸ್ಟೀರಿಯೊಗಳೆಲ್ಲ ಇದಕ್ಕೆ ತಿರುಗಾಮುರುಗಾ. ನಿಮ್ಮ ಗಾಡಿ ಇನ್ನೂ ಪ್ಲಸ್ ಅರ್ತ್‌ನಲ್ಲಿದ್ದು, ನೇರವಾಗಿ ಜೋಡಿಸಿದರೆ ಸ್ಟೀರಿಯೊ ಆ ಕ್ಷಣಕ್ಕೇ ಸುಡಬಹುದು. ಮೈನಸ್ ಅರ್ತ್‌ಗೆ ಬದಲಾಯಿಸಲು ಬರುತ್ತದೆ. ಆದರೆ ಬ್ಯಾಟರಿ ತಿರುಗಿಸಿದರೆ ಮಾತ್ರ ಸಾಲದು. ಬ್ಯಾಟರಿ ಚಾರ್ಜ್ ಮಾಡುವ ಡೈನಮೊವನ್ನು ಹೊಸ ಧ್ರುವಕ್ಕೆ ಹೊಂದಿಸಬೇಕು, ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಕಾಯಿಲ್ಲಿನ ಎರಡು ವೈರು, ಆಂಪಿಯರ್ ಮೀಟರಿನ ಎರಡು ವೈರು ಅದಲು ಬದಲಾಗಬೇಕು. ಇದನ್ನು ಮಾಡುವುದಾದರೆ ಡ್ಯಾಶ್‌ಬೋರ್ಡ್ ಹೊರಗಿರುವ ಈಗಲೇ ಮಾಡಿ, ಮಾಡಿದ ಮೇಲೆ ಬಾನೆಟ್ಟಿನ ಒಳಗೆ ದೊಡ್ಡದಾಗಿ ಬರೆದಿಡಿ. ಸ್ಟೀರಿಯೊಗೆಂದು ಡ್ಯಾಶ್‌ಬೋರ್ಡಿನ ತಗಡು ಕತ್ತರಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಸೀಟಿನ ಅಡಿಯಲ್ಲಿ ಅಥವಾ ಗ್ಲವ್ ಬಾಕ್ಸಿನೊಳಗೆ ಜಾಗ ಮಾಡಿ, ಮಗನಿಗೆ ಹಾಡು ಅಲ್ಲಿಂದಲೂ ಕೇಳಿಸುತ್ತದೆ.

ಆಯುಧಪೂಜೆಯ ಗಡುವಿಗೆ ಹೆದರಬೇಡಿ. ಕೆಲಸ ಅಷ್ಟರಲ್ಲಿ ಮುಗಿಯದಿದ್ದರೆ ಡ್ಯಾಶ್‌ಬೋರ್ಡ್ ತೆರೆದಿರುವ ಗಾಡಿಗೇ ಪೂಜೆ ಮಾಡಿ, ಅದರಲ್ಲಿ ಲೋಪವೇನಿಲ್ಲ. ಹಬ್ಬದ ಹಿಂದಿನ ವಾರ ಎಲ್ಲ ಗ್ಯಾರೇಜುಗಳಲ್ಲೂ ನೂಕುನುಗ್ಗಲು, ಆ ವಾರದಲ್ಲಿ ಯಾರಿಂದಲೂ ವೈರಿಂಗ್ ಮುಗಿಸಿಕೊಳ್ಳಬೇಡಿ. ಗಾಡಿಗೆ ಐವತ್ತು ವರ್ಷ ದಾಟಿರುವುದರಿಂದ 2021ರ ವಿಂಟೇಜ್ ನೋಂದಣಿ ನಿಯಮದಡಿ ಅರ್ಜಿ ಹಾಕುವ ಯೋಚನೆ ನಿಮಗಿರಬಹುದು. ಆ ನಿಯಮ ತಡೆಯುವುದು ಚಾಸಿ, ಬಾಡಿ, ಎಂಜಿನ್ನಿನ ಮಾರ್ಪಾಡನ್ನು. ಮುಖಫಲಕದ ದುರಸ್ತಿ ಆ ಲೆಕ್ಕಕ್ಕೆ ಬರುವುದಿಲ್ಲ.

ಕೂರಿಸುವ ದಿನ ಇಬ್ಬರು ಇರಲಿ. ಸ್ಟೀರಿಂಗ್ ಕಾಲಂಗೆ ಹಳೆಯ ಟವೆಲ್ ಸುತ್ತಿ, ಬ್ಯಾಟರಿ ಕಳಚಿ. ಸ್ಪೀಡೊಮೀಟರ್ ಕೇಬಲ್ಲಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಮೀಟರಿನ ಕಡೆಯ ಒಂದು ಗೇಣು ಮಾತ್ರ ಒರೆಸಿ ಒಣಗಿಸಿ. ಇಲ್ಲದಿದ್ದರೆ ಗ್ರೀಸ್ ಮೇಲೇರಿ ಮೀಟರಿನೊಳಗೆ ಸೇರುತ್ತದೆ. ಕೇಬಲ್ ಎಲ್ಲಿಯೂ ಮಡಿಸಿದಂತೆ ಬಾಗಬಾರದು, ಬಾಗಿದರೆ ಓಡುವಾಗ ಮುಳ್ಳು ತುಯ್ದಾಡುತ್ತದೆ. ತಾಪದ ಮೀಟರಿನಿಂದ ತೆಳುವಾದ ಲೋಹದ ನಳಿಗೆ ಹೊರಟಿದ್ದರೆ ಅದನ್ನು ತಿರುಚಲೂ ಬೇಡಿ, ಕತ್ತರಿಸಲೂ ಬೇಡಿ, ಅದರೊಳಗಿನ ದ್ರವ ಹೋದರೆ ಮೀಟರೇ ಹೋದಂತೆ. ಡಬ್ಬದ ಸ್ಕ್ರೂಗಳನ್ನು ಉದ್ದದ ಪ್ರಕಾರ ಬೇರೆ ಮಾಡಿಟ್ಟುಕೊಳ್ಳಿ. ಉದ್ದನೆಯ ಸ್ಕ್ರೂ ತಪ್ಪು ತೂತಿಗೆ ಹೋದರೆ ಹಿಂದೆ ಹಾದುಹೋಗುವ ಕಿಟ್ಟನ್ನು ಚುಚ್ಚುತ್ತದೆ, ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೋಲ್ಟುಗಳು ಇಂಚಿನ ಅಳತೆಯವು, ಈಗಿನ ಮಿಲಿಮೀಟರ್ ಬೋಲ್ಟುಗಳನ್ನು ಬಲವಂತವಾಗಿ ತಿರುಗಿಸಿದರೆ ತೂತಿನ ಮರೆ (ಥ್ರೆಡ್) ಹಾಳಾಗುತ್ತದೆ. ಎಲ್ಲ ಸ್ಕ್ರೂಗಳನ್ನೂ ಮೊದಲು ಎರಡೆರಡು ಸುತ್ತು ಮಾತ್ರ ಹಿಡಿಸಿ, ಎರಡೂ ಬಾಗಿಲು ಹಾಕಿ ಅಂತರ ಸಮನಾಗಿದೆಯೇ ನೋಡಿ, ನಂತರ ಬಿಗಿಯಿರಿ.

ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಬ್ಯಾಟರಿ ಕಳಚಿ, ಕೆಳಗಿನಿಂದ ಕೈ ಹಾಕಿ ಆಂಪಿಯರ್ ಮೀಟರಿನ ಎರಡು ನಟ್ಟುಗಳನ್ನು ಮತ್ತೆ ಬಿಗಿಮಾಡಿ. ಸ್ಟಾರ್ಟರ್ ಮೋಟರಿನದ್ದನ್ನು ಬಿಟ್ಟರೆ ಗಾಡಿಯ ಕರೆಂಟೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಹಾದುಹೋಗುತ್ತದೆ. ಹೊಸದಾಗಿ ಬಿಗಿದ ನಟ್ಟು ಮೊದಲ ಓಡಾಟದಲ್ಲಿ ಸ್ವಲ್ಪ ಸಡಿಲವಾಗಿಯೇ ಆಗುತ್ತದೆ.